ಕ್ಲಚ್ಚಿನ ಕೋಲು

ಮೇ ತಿಂಗಳ ಕೊನೆಯ ದಿನ ಸರ್ವೋತ್ತಮನ ಮನೆಯಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಮರುದಿನದಿಂದ ಜುಲೈ ಮುಗಿಯುವ ತನಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯ ಬೋಟುಗಳು ಆಳ ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದ ಮೇಲೆ ಮೀನಿನ ಗಾಡಿಗೂ ಕೆಲಸವಿಲ್ಲ. ಕಾಪುವಿನಲ್ಲಿ ಮನೆಯ ಪಕ್ಕದ ತಗಡಿನ ಶೆಡ್ಡಿನೊಳಗೆ ಅವನ ಹಳೆಯ ಪಿಕಪ್ ಎರಡು ತಿಂಗಳು ಮಲಗುತ್ತಿತ್ತು. ಅದು ಹದಿನೈದು ವರ್ಷ ಐಸಿನ ಉಪ್ಪುನೀರು ಕುಡಿದ ಕಬ್ಬಿಣ. ಮಳೆಗಾಲದಲ್ಲಿ ಹಾಗೆಯೇ ಬಿಟ್ಟರೆ ಕ್ಲಚ್ ಪ್ಲೇಟು ತುಕ್ಕು ಹಿಡಿದು ಎಂಜಿನ್ನಿನ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಎಂಜಿನ್ ಗೇರನ್ನು ಬಿಡುವುದಿಲ್ಲ.

ಅದಕ್ಕೆ ಬೋಟು ಮೀನು ಇಳಿಸುವ ಧಕ್ಕೆಯ ಹಳೆ ಚಾಲಕರು ಕಂಡುಕೊಂಡ ಉಪಾಯ ಒಂದು ಕೋಲು. ಪೆಡಲನ್ನು ತಳದವರೆಗೆ ಒತ್ತಿ, ಅದಕ್ಕೂ ಸೀಟಿನ ಚೌಕಟ್ಟಿಗೂ ನಡುವೆ ಕೋಲು ಸಿಗಿಸಿಬಿಟ್ಟರೆ ಪ್ಲೇಟು ಮಳೆಗಾಲ ಪೂರ್ತಿ ಬಿಡಿಸಿಕೊಂಡೇ ಇರುತ್ತದೆ. ಸರ್ವೋತ್ತಮನ ಕೋಲು ಹಲಸಿನ ಮರದ್ದು. ಜಾರದಂತೆ ಎರಡೂ ತುದಿಗೆ ಸೈಕಲ್ ಟ್ಯೂಬು ಸುತ್ತಿದ್ದ. ಅವನು ಸೀಟಿನಲ್ಲಿ ಕುಳಿತು ಎಡಗಾಲಿನಿಂದ ಪೆಡಲ್ ಒತ್ತಿ "ಈಗ ಇಡು" ಎನ್ನುವುದು, ಹೆಂಡತಿ ಬೇಬಿ ಎಡಬಾಗಿಲಿನಿಂದ ಒಳಗೆ ಬಗ್ಗಿ ಕೋಲು ಸಿಗಿಸುವುದು. ಗಾಡಿ ಮನೆಗೆ ಬಂದ ವರ್ಷದಿಂದ ನಡೆದು ಬಂದ ಕ್ರಮ ಇದು.

ಈ ವರ್ಷ "ಈಗ ಇಡು" ಎಂದಾಗ ಕೋಲು ಕೂರಲಿಲ್ಲ.

"ಇನ್ನೂ ಒತ್ತಿ," ಎಂದಳು ಬೇಬಿ.

"ಒತ್ತಿದ್ದೇನೆ ಮಾರಾಯ್ತಿ. ಕೋಲು ಉಬ್ಬಿರಬೇಕು. ಮೊನ್ನೆಯ ಮಳೆಗೆ ಹೊರಗೆ ಬಿದ್ದಿತ್ತಲ್ಲ."

ಬೇಬಿ ತಲೆ ಎತ್ತಿ ಅವನನ್ನು ಒಮ್ಮೆ ನೋಡಿದಳು. ಮತ್ತೆ ಬಗ್ಗಿ ಕೈಯಿಂದ ಏನೋ ಮಾಡಿದಳು. ಕೋಲು ಕೂತಿತು. ಅವನು ಇಳಿದು ಬಾಗಿಲು ಹಾಕಿದ. ಅಷ್ಟರಲ್ಲಿ ಆ ವಿಷಯ ಮರೆತೂಬಿಟ್ಟ.

ಸರ್ವೋತ್ತಮನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಅದನ್ನು ಅವನು ದೂರದ ನೆಂಟನ ಹಾಗೆ ನಡೆಸಿಕೊಳ್ಳುತ್ತಿದ್ದ; ಮನೆಗೆ ಬಂದರೆ ಬೇಡ ಎನ್ನುತ್ತಿರಲಿಲ್ಲ, ಕೂರು ಎಂದೂ ಹೇಳುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ದಿನ ಅವನು ಕಾರ್ಕಳದಿಂದ ಬಂದು ಜಗಲಿಯಲ್ಲಿ ಕಾಲು ಚಾಚಿದಾಗ ಎಡಗಾಲಿನ ಚಪ್ಪಲಿ ಕಳಚಲಿಲ್ಲ. ಕ್ರೇಟಿನ ಹಲಗೆಯ ಮೊಳೆಯೊಂದು ಚಪ್ಪಲಿಯನ್ನು ಹಾದು ಹಿಮ್ಮಡಿಯೊಳಗೆ ಹೋಗಿತ್ತು. ಬೇಬಿ ಇಕ್ಕುಳದಿಂದ ಅದನ್ನು ಎಳೆಯುವಾಗಲೂ ಅವನು ಪಕ್ಕದ ಮನೆಯವನ ಹತ್ತಿರ ಬಂಗುಡೆಯ ದರ ಮಾತಾಡುತ್ತಿದ್ದ.

ಮಣಿಪಾಲದಲ್ಲಿ ಡಾಕ್ಟರು ಪಾದಕ್ಕೆ ಅಲ್ಲಲ್ಲಿ ಸಣ್ಣ ನೂಲಿನಂಥ ತಂತಿ ಮುಟ್ಟಿಸಿ ಕೇಳಿದರು. ಮುಟ್ಟಿಸಿದ್ದು ಅವನಿಗೆ ತಿಳಿಯಲಿಲ್ಲ. ಕಾಲಿನ ನರಗಳು ಸೋತಿವೆ, ಇನ್ನು ಗಾಡಿ ಓಡಿಸುವುದು ಬೇಡ ಎಂದರು. ಹೊರಗೆ ಬಂದ ಮೇಲೆ ಸರ್ವೋತ್ತಮ ಬೇಬಿಗೆ ಹೇಳಿದ: "ಅವರಿಗೆ ಎಂತ ಗೊತ್ತು? ಅವರ ಕಾರಿಗೆ ಕ್ಲಚ್ಚೇ ಇಲ್ಲ."

ಬೇಬಿ ದಾರಿಯೊಂದನ್ನು ಹುಡುಕಿದ್ದಳು. ಉಡುಪಿಯಲ್ಲಿದ್ದ ಸರ್ವೋತ್ತಮನ ಅಕ್ಕನ ಮಗ ಪ್ರತೀಕ್ ಸ್ವಂತಕ್ಕೊಂದು ಹಳೆ ಟೆಂಪೋ ಮಾಡಿಕೊಂಡು ಮಣಿಪಾಲದ ಹೋಟೆಲುಗಳಿಗೆ ಮೀನು ಹಾಕುತ್ತಿದ್ದ. ಅವನು ಕಾರ್ಕಳಕ್ಕೂ ಓಡಿಸಲಿ, ನೀವು ಧಕ್ಕೆಯಲ್ಲಿ ನಿಂತು ಮೀನು ಆರಿಸಿ ಕೊಡಿ ಎಂದಿದ್ದಳು. ಪ್ರತೀಕನೂ ಒಪ್ಪಿದ್ದ. ಸರ್ವೋತ್ತಮ ಒಪ್ಪಲಿಲ್ಲ. ಸೋದರಮಾವನ ಆಸ್ತಿ ಅಕ್ಕತಂಗಿಯರ ಮಗನಾದ ಅಳಿಯನಿಗೆ ಎಂಬ ಹಳೆಯ ಕಟ್ಟು ಕಾನೂನಿನಲ್ಲಿ ಹೋಗಿದ್ದರೂ ಊರಿನ ಬಾಯಲ್ಲಿ ಉಳಿದಿತ್ತು. "ಇನ್ನು ಅಳಿಯನಿಗೆ ಬಿಡುದಲ್ವಾ?" ಎಂದು ಧಕ್ಕೆಯಲ್ಲಿ ಯಾರಾದರೂ ತಮಾಷೆ ಮಾಡಿದರೆ ಅವನ ಮುಖ ಕಪ್ಪಿಡುತ್ತಿತ್ತು. "ಸ್ಟೀರಿಂಗ್ ಯಾರ ಕೈಯಲ್ಲಿ ಉಂಟೋ ಲೈನ್ ಅವನದ್ದು. ನಾನು ಸತ್ತ ಮೇಲೆ ನೋಡುವ," ಎನ್ನುತ್ತಿದ್ದ.

ಲೈನ್ ಎಂದರೆ ಕಾರ್ಕಳ ಮಾರುಕಟ್ಟೆ. ಅಲ್ಲಿ ಸರಸಕ್ಕ ಮತ್ತು ಅವಳ ಸಾಲಿನ ಹೆಂಗಸರು ಮೀನು ಮಾರುತ್ತಿದ್ದರು. ಅವರ ನಡುವೆ ಒಂದು ಬರೆಯದ ಕಟ್ಟಳೆಯಿತ್ತು. ನಿಷೇಧ ಮುಗಿದು ಮೊದಲ ಮೀನು ಬಂದ ದಿನ ಯಾರ ಗಾಡಿಯಿಂದ ಸಾಲಿಗೆ ಬಾಕ್ಸು ಇಳಿಯುತ್ತದೋ, ಮುಂದಿನ ಮೇ ತನಕ ಅವನ ಮೀನೇ. ನಡುವೆ ಇನ್ನೊಬ್ಬ ಕಡಿಮೆಗೆ ಕೊಡುತ್ತೇನೆಂದರೂ ಇವರು ಮುಟ್ಟುವುದಿಲ್ಲ. ಮಳೆ ಬಂದು ಮೀನು ಕಡಿಮೆಯಾದ ದಿನ ಅವನೂ ಇವರನ್ನು ಬಿಟ್ಟು ಬೇರೆ ಕಡೆ ಹಾಕುವುದಿಲ್ಲ. ಹದಿನೈದು ವರ್ಷವೂ ಆ ಮೊದಲ ಬಾಕ್ಸು ಸರ್ವೋತ್ತಮನದ್ದೇ ಆಗಿತ್ತು.

ಆಗಸ್ಟ್ ಮೊದಲ ವಾರ ಬೋಟುಗಳು ಬರುತ್ತಿವೆ ಎಂಬ ಸುದ್ದಿ ಬಂದ ಮರುದಿನ ಬೆಳಕು ಹರಿಯುವ ಮೊದಲೇ ಸರ್ವೋತ್ತಮ ಗಾಡಿ ಹತ್ತಿದ. ಪೆಡಲಿನ ಬಳಿ ಕೈ ಹಾಕಿದರೆ ಕೋಲು ಇಲ್ಲ. ಬೇಬಿ ನಿನ್ನೆ ಸಂಜೆಯೇ ತೆಗೆದಿರಬೇಕು ಎಂದುಕೊಂಡ. ಸೆಲ್ಫ್ ಹೊಡೆದ. ಎಂಜಿನ್ ಕೆಮ್ಮಿ ಎದ್ದಿತು. ಕ್ಲಚ್ ಒತ್ತಿ ಗೇರ್ ಹಾಕಿದರೆ ಕಲ್ಲಿಗೆ ಕತ್ತಿ ಉಜ್ಜಿದ ಸದ್ದು. ಇನ್ನೊಮ್ಮೆ ಹಾಕಿದ. ಅದೇ ಸದ್ದು.

ಪ್ಲೇಟು ಹಿಡಿದುಕೊಂಡಿದೆ ಎಂದು ತಿಳಿಯಲು ಅವನಿಗೆ ಮೆಕ್ಯಾನಿಕ್ ಬೇಕಿರಲಿಲ್ಲ. ಬಿಡಿಸುವ ವಿದ್ಯೆಯೂ ಗೊತ್ತಿತ್ತು. ಎಂಜಿನ್ ಬಂದ್ ಮಾಡಿ, ಗೇರಿನಲ್ಲಿಯೇ ಇಟ್ಟು, ಕ್ಲಚ್ ಒತ್ತಿಕೊಂಡು ಸೆಲ್ಫ್ ಹೊಡೆದ. ಗಾಡಿ ಹೊಡೆತ ತಿಂದ ಎಮ್ಮೆಯಂತೆ ಶೆಡ್ಡಿನಿಂದ ಅಂಗಳಕ್ಕೆ ನೆಗೆಯಿತು. ಬಲಗಾಲಿನಿಂದ ಬ್ರೇಕ್ ತುಳಿದ. ಅಡಿಯಲ್ಲಿ ಏನೋ ಹರಿದ ಸದ್ದಾಯಿತು. ಎಂಜಿನ್ ಬಿಡುಗಡೆಯಾಯಿತು. ಆದರೆ ಆಮೇಲೆ ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಎಂಜಿನ್ ಮಾತ್ರ ಕೂಗಿತು, ಗಾಡಿ ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಅಡುಗೆಕೋಣೆಯವರೆಗೂ ಹೋಯಿತು.

ಬೇಬಿ ಬಾಗಿಲಿಗೆ ಬಂದಳು.

"ಕೋಲು ನೀನು ತೆಗೆದದ್ದಾ?"

"ನನಗೆಂತ ಗೊತ್ತು?" ಎಂದು ಅವಳು ಒಳಗೆ ಹೋದಳು.

ಹೆಚ್ಚು ಹೊತ್ತಾಗಿರಲಿಲ್ಲ, ಪ್ರತೀಕನ ಟೆಂಪೋ ಗೇಟಿನ ಹೊರಗೆ ನಿಂತಿತು.

"ಮಾಮ, ಗಾಡಿ ಸ್ಟಾರ್ಟ್ ಆಗ್ಲಿಲ್ವಂತೆ? ನೀವು ಮಂಡೆಬೆಚ್ಚ ಮಾಡ್ಬೇಡಿ. ನಿಮ್ಮ ಮೀನು ನಾನು ಹಾಕಿ ಬರ್ತೇನೆ. ಹೋಟೆಲಿಗೆ ಇವತ್ತು ಮಧ್ಯಾಹ್ನ ಕೊಟ್ರೂ ಆಗ್ತದೆ."

"ನಿನಗೆ ಯಾರು ಹೇಳಿದ್ದು?"

"ಮಾಮಿ ಫೋನ್ ಮಾಡಿದ್ರು."

"ಮಾಮಿಯಾ? ಗಾಡಿ ನಿಂತು ಇನ್ನೂ ಎಂಜಿನ್ ತಣಿಯಲಿಲ್ಲ. ಅಷ್ಟರಲ್ಲಿ ನೀನು ಉಡುಪಿಯಿಂದ ಹಾರಿ ಬಂದೆಯಾ?"

"ಇಲ್ಲೇ ಪಾಂಗಾಳದಲ್ಲಿ ಇದ್ದೆ, ಡೀಸೆಲ್ ಹಾಕ್ಲಿಕ್ಕೆ." ಪ್ರತೀಕ್ ನಕ್ಕ. "ಸರಸಕ್ಕನಿಗೆ ನಿಮ್ಮ ಹೆಸರಲ್ಲೇ ಕೊಡುದು ಮಾಮ. ಬಾಕ್ಸ್ ಮೇಲೆ ನಿಮ್ಮ ಹೆಸರೇ ಉಂಟಲ್ಲ. ಮೊದಲ ದಿನ ತಪ್ಪಬಾರದು, ಅಲ್ವಾ?"

ತಪ್ಪಬಾರದು ಎಂಬುದು ಸರಿ. ಸರ್ವೋತ್ತಮ ಖಾಲಿ ಬಾಕ್ಸುಗಳನ್ನು ಟೆಂಪೋಗೆ ಹಾಕಿಸಿದ. ಟೆಂಪೋ ಹೆದ್ದಾರಿಗೆ ತಿರುಗುವವರೆಗೂ ನೋಡಿದ. ಆಮೇಲೆ ಶೆಡ್ಡಿಗೆ ಹೋಗಿ ಕೋಲು ಹುಡುಕಿದ.

ಅದು ತಲೆಯ ಮೇಲೆ ತಗಡಿನ ಮಾಡಿನ ಅಡಿ, ಅದನ್ನು ಹೊತ್ತ ಪಕ್ಕಾಸಿನ ಸಂದಿನಲ್ಲಿ ಸಿಕ್ಕಿತು. ಅಷ್ಟು ಎತ್ತರಕ್ಕೆ ಸರ್ವೋತ್ತಮನ ಕೈಯೇ ಸಲೀಸಾಗಿ ಹೋಗುತ್ತಿರಲಿಲ್ಲ. ಕೆಳಗೆ ಕವುಚಿ ಬಿದ್ದಿದ್ದ ಮೀನಿನ ಕ್ರೇಟೊಂದು ಅಡ್ಡವಾಯಿತು. ಅದನ್ನು ಬದಿಗೆ ತಳ್ಳಿ, ತುದಿಗಾಲಲ್ಲಿ ನಿಂತು ಕೋಲನ್ನು ಎಳೆದುಕೊಂಡ. ಕೋಲಿನ ಮೇಲೆ ತಿಂಗಳಿಗೆ ಕಡಿಮೆಯಿಲ್ಲದ ಧೂಳು. ಪ್ರತೀಕ್ ಆರಡಿ ಎತ್ತರದವನು. ಜುಲೈಯಲ್ಲಿ ಒಂದು ದಿನ ಜಾಕಿ ಬೇಕೆಂದು ಈ ಶೆಡ್ಡಿಗೆ ಬಂದಿದ್ದ, ಒಬ್ಬನೇ. ಮೊದಲ ದಿನ ತಪ್ಪಬಾರದು ಎಂದಿದ್ದ, ನಗುತ್ತ.

ಎಲ್ಲವೂ ಒಂದಕ್ಕೊಂದು ಕೂತವು. ಹಾಗೆ ಕೂತ ಮೇಲೆ ಸರ್ವೋತ್ತಮ ಅದನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಲಿಲ್ಲ. ಅಂಗಳದ ಮೂಲೆಗೆ ಹೋಗಿ ಸರಸಕ್ಕನಿಗೆ ಫೋನ್ ಮಾಡಿದ.

"ಸರಸಕ್ಕ, ನನ್ನ ಗಾಡಿ ನಿಂತಿದೆ. ಪ್ರತೀಕ್ ಬರ್ತಾನೆ. ಅವನ ಮೀನು ಮುಟ್ಟಬೇಡಿ."

"ಎಂತ ಸರ್ವೋತ್ತಮಣ್ಣ? ನಿಮ್ಮ ಅಕ್ಕನ ಮಗ ಅಲ್ವಾ?"

"ಅಕ್ಕನ ಮಗನೇ. ನನ್ನ ಗಾಡಿ ಕೆಡಿಸಿ ನನ್ನ ಲೈನ್ ಹೊಡೀಲಿಕ್ಕೆ ಬರ್ತಾ ಇದ್ದಾನೆ. ಕಳ್ಳ. ಇಷ್ಟು ವರ್ಷದ ಋಣ ಉಂಟಾದರೆ ಇದೊಂದು ಮಾತು ನಡೆಸಿ."

"ಆಯ್ತು," ಎಂದಳು ಸರಸಕ್ಕ. "ನೀವು ಹೇಳಿದ ಹಾಗೆ."

ಮೆಕ್ಯಾನಿಕ್ ಜೋವಿನ್‌ನ ಗ್ಯಾರೇಜು ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ರಸ್ತೆಯಲ್ಲಿತ್ತು. ಅವನು ಜೀಪು ತಂದು ಹಗ್ಗ ಕಟ್ಟಿ ಪಿಕಪ್ಪನ್ನು ಎಳೆದುಕೊಂಡು ಹೋದ. ಗೇರ್‌ಬಾಕ್ಸ್ ಇಳಿಸುವ ಹೊತ್ತಿಗೆ ಬಿಸಿಲು ಏರಿತ್ತು. ಜೋವಿನ್‌ಗೆ ಕೈ ಕೆಲಸ ಮಾಡುವಾಗ ಬಾಯಿಯೂ ಕೆಲಸ ಮಾಡಬೇಕು. ತನ್ನ ಹೆಂಡತಿ ಲವೀನಾ ಊಟಕ್ಕೆ ಕಾಯುತ್ತಾಳೆ, ತಡವಾದರೆ ಈ ಗೇರ್‌ಬಾಕ್ಸಿನ ಬದಲು ತನ್ನನ್ನೇ ಇಳಿಸಿ ಇಡುತ್ತಾಳೆ ಎಂದೆಲ್ಲ ಹೇಳುತ್ತ ಗಾಡಿಯ ಅಡಿಯಿಂದ ಹೊರಗೆ ಜಾರಿ, ಕೈಯಲ್ಲಿದ್ದುದನ್ನು ಬೆಂಚಿನ ಮೇಲೆ ಹಾಕಿದ.

"ಸರ್ವೋತ್ತಮಣ್ಣ, ಇದು ಕ್ಲಚ್ ಪ್ಲೇಟಾ, ಹಪ್ಪಳವಾ?"

ಪ್ಲೇಟಿನ ಒಂದು ಮುಖದ ಪದರ ಅರ್ಧಕ್ಕರ್ಧ ಕಿತ್ತುಹೋಗಿತ್ತು. ಕಿತ್ತ ತುಂಡುಗಳು ಫ್ಲೈವೀಲಿನ ಮೇಲೆ ಕೆಂಪು ತುಕ್ಕಿನ ಜೊತೆ ಅಂಟಿಕೊಂಡಿದ್ದವು.

"ಕೋಲು ಇಡ್ಲಿಲ್ವಾ ಈ ವರ್ಷ?"

"ಇಟ್ಟಿದ್ದೆ. ತೆಗೆದಿದ್ದಾರೆ."

"ಯಾರು?"

"ಯಾರು ಅಂತ ಗೊತ್ತುಂಟು ನನಗೆ."

"ಅದಿರ್ಲಿ. ಇಲ್ಲಿ ಬನ್ನಿ, ಇದು ನೋಡಿ." ಜೋವಿನ್ ಬ್ಯಾಟರಿ ಬೆಳಕನ್ನು ಫ್ಲೈವೀಲಿನ ಮೇಲೆ ಹಿಡಿದ. ತುಕ್ಕಿನ ನಡುವೆ ಅಲ್ಲಲ್ಲಿ ನವಿಲಿನ ಕತ್ತಿನಂಥ ನೀಲಿ ಕಲೆಗಳು. "ತುಕ್ಕಿಗೆ ಹೀಗೆ ನೀಲಿ ಆಗುದಿಲ್ಲ. ಇದು ಕಾದದ್ದು. ಆಚೆ ಮುಖ ನೋಡಿ, ಅದು ಹರೀಲಿಲ್ಲ. ಆದ್ರೂ ರಿವಿಟ್ ತನಕ ಸವೆದು ಹೋಗಿದೆ. ಹೋದ ದೀಪಾವಳಿಗೆ ನಾನೇ ಹೊಸದು ಹಾಕಿದ್ದು. ಅದಕ್ಕೆ ಮೊದಲಿನದ್ದು ನಿಮ್ಮ ಕೈಯಲ್ಲಿ ಎಷ್ಟು ವರ್ಷ ಬಂತು ಹೇಳಿ?"

"ಡೂಪ್ಲಿಕೇಟ್ ಹಾಕಿದ್ದಿ ನೀನು."

"ಪೆಟ್ಟಿಗೆ ಒಡೆದದ್ದು ನಿಮ್ಮ ಎದುರೇ ಅಲ್ವಾ? ಸುಮ್ಮನೆ ಪುಸ್ಕ ಮಾತು ಬೇಡ." ಜೋವಿನ್ ಕೈ ಒರೆಸಿಕೊಂಡ. "ಇದು ಎರಡು ಕಾಯಿಲೆ. ಮಳೆಗಾಲದ್ದು ಒಂದು. ಅದಕ್ಕೆ ಮೊದಲೇ ಬಂದದ್ದು ಇದು. ಕಾಲು ಪೆಡಲಿನ ಮೇಲೆಯೇ ಇಟ್ಟು ಓಡಿಸಿದ್ದೀರಿ. ಫುಲ್ ಒತ್ತಿ ಅಲ್ಲ, ಸ್ವಲ್ಪ. ಮಲ್ಪೆಯಿಂದ ಕಾರ್ಕಳ ತನಕ, ಪರ್ಕಳದ ಏರಿನಲ್ಲಿಯೂ. ಪ್ಲೇಟ್ ಉಜ್ಜುತ್ತಲೇ ಇತ್ತು. ಕೋಲು ಇಟ್ಟಿದ್ರೂ ಇದು ಒಂದು ತಿಂಗಳು ಓಡ್ತಿರ್ಲಿಲ್ಲ. ಲೋಡ್ ಹಾಕಿಕೊಂಡು ಏರಿನಲ್ಲಿ ಹಿಂದೆ ಬರ್ತಿದ್ರಿ."

"ನಾನು ಲೈಸನ್ಸ್ ತೆಗೆದಾಗ ನೀನು ಚಡ್ಡಿ ಹಾಕ್ಲಿಕ್ಕೆ ಕಲಿತಿರ್ಲಿಲ್ಲ."

"ಅದಕ್ಕೇ ಹೇಳಿದ್ದು. ಹೊಸಬರು ಹಾಗೆ ಕಾಲು ಇಡ್ತಾರೆ. ನೀವು ಇಡುವವರಲ್ಲ." ಜೋವಿನ್‌ನ ಧ್ವನಿ ತಗ್ಗಿತು. "ಕಾಲು ಅಲ್ಲಿ ಉಂಟು ಅಂತ ನಿಮಗೇ ಗೊತ್ತಾಗ್ತಾ ಇಲ್ಲ, ಅಲ್ವಾ?"

ಪರ್ಕಳದ ಏರಿನಲ್ಲಿ ಸುಟ್ಟ ವಾಸನೆ ಬಂದದ್ದು ಸರ್ವೋತ್ತಮನಿಗೆ ನೆನಪಿತ್ತು. ಏಪ್ರಿಲಿನಲ್ಲಿ ದಿನಾ ಬರುತ್ತಿತ್ತು. ಮುಂದಿನ ಲಾರಿಯದ್ದು ಎಂದುಕೊಂಡು ಗಾಜು ಏರಿಸುತ್ತಿದ್ದ.

"ನನಗೆ ತುಕ್ಕಿನದ್ದು ಹೇಳು," ಎಂದ. "ನೀಲಿಯದ್ದು ಬೇಡ."

ಆಗಲೇ ಪ್ರತೀಕನ ಟೆಂಪೋ ಗ್ಯಾರೇಜಿನ ಮುಂದೆ ಬಂದು ನಿಂತಿತು. ಹಿಂದುಗಡೆಯಿಂದ ಐಸು ಕರಗಿದ ನೀರು ಸುರಿಯುತ್ತಿತ್ತು. ಬಾಕ್ಸುಗಳೆಲ್ಲ ಮೀನು ತುಂಬಿಕೊಂಡೇ ವಾಪಸ್ ಬಂದಿದ್ದವು. ಪ್ರತೀಕ್ ಇಳಿದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಮಾಮ, ಸರಸಕ್ಕ ಮೀನು ಇಳಿಸ್ಲಿಕ್ಕೆ ಬಿಡ್ಲಿಲ್ಲ. ನಿಮ್ಮ ಫೋನ್ ಬಂದಿತ್ತಂತೆ."

"ಬಂದಿತ್ತು."

"ನಾನು ಕಳ್ಳ ಅಂತ ಹೇಳಿದ್ರಂತೆ."

"ಕೋಲು ತೆಗೆದು ಮಾಡಿಗೆ ಸಿಗಿಸಿದವನಿಗೆ ಎಂತ ಹೇಳುದು? ಸಾಹುಕಾರ ಅಂತ ಹೇಳುದಾ?"

"ಯಾವ ಕೋಲು?"

"ಯಾವ ಕೋಲು ಅಂತೆ! ಜಾಕಿ ತೆಗೊಂಡು ಹೋಗ್ಲಿಕ್ಕೆ ಬಂದವನು ನೀನಲ್ವಾ?"

"ಜಾಕಿ ತೆಗೊಂಡು ಹೋದೆ. ಎರಡು ದಿನ ಬಿಟ್ಟು ವಾಪಸ್ ತಂದು ಕೊಟ್ಟೆ. ನಿಮ್ಮ ಗಾಡಿಯ ಬಾಗಿಲು ಮುಟ್ಟಿದವನಲ್ಲ ನಾನು." ಪ್ರತೀಕ್ ಟೆಂಪೋದ ಹಿಂದಿನ ಹಲಗೆ ಇಳಿಸಿದ. "ಇಡೀ ಮಾರ್ಕೆಟಿನ ಎದುರು ಮಾಮ. ಬಾಕ್ಸ್ ಮೇಲೆ ನಿಮ್ಮ ಹೆಸರು ಉಂಟು, ನೋಡಿ ಅಂತ ನಾನು ಹೇಳ್ತಾ ಇದ್ದೇನೆ, ಅವರು ಸೆರಗು ಬಾಯಿಗೆ ಹಿಡ್ಕೊಂಡು ನೋಡ್ತಾ ಇದ್ದಾರೆ, ಅದನ್ನೂ ಕದ್ದದ್ದು ಅಂತ."

ಜೋವಿನ್ ಮಧ್ಯೆ ಬಾಯಿ ಹಾಕಿದ. "ಪ್ರತೀಕ್, ಹೋಗ್ಲಿ ಬಿಡು ಮಾರಾಯ. ಸಾಲಿನವರು ಇವತ್ತು ಮೀನು ಎಲ್ಲಿಂದ ತೆಗೊಂಡ್ರು?"

"ಮಂಗಳೂರಿನ ಗಾಡಿ ಬಂದು ನಿಂತಿತ್ತು. ಅದರಿಂದ ಇಳಿಸಿದ್ರು."

ಸರ್ವೋತ್ತಮನಿಗೆ ಲೆಕ್ಕ ಸಿಕ್ಕಿತು: ಮುಂದಿನ ಮೇ ತನಕ ಸಾಲು ಮಂಗಳೂರಿನವನದ್ದು. ಪ್ರತೀಕನ ಮೀನು ಮುಟ್ಟಬೇಡಿ ಎಂದಿದ್ದನೇ ಹೊರತು ಆಮೇಲೆ ಸಾಲಿನ ಬುಟ್ಟಿಗಳಲ್ಲಿ ಏನಿರಬೇಕು ಎಂದು ಅವನು ಯೋಚಿಸಿರಲಿಲ್ಲ. ಮೊದಲ ದಿನ ಬುಟ್ಟಿ ಖಾಲಿ ಇಟ್ಟು ಯಾವ ಹೆಂಗಸೂ ಕೂರುವುದಿಲ್ಲ.

ಪ್ರತೀಕ್ ಸರ್ವೋತ್ತಮನ ಹೆಸರಿದ್ದ ಬಾಕ್ಸುಗಳನ್ನು ಒಂದೊಂದಾಗಿ ತೆಗೆದು ಗ್ಯಾರೇಜಿನ ನೆಲದ ಮೇಲೆ ಇಟ್ಟ. ಎಸೆಯಲಿಲ್ಲ, ಇಟ್ಟ. ಟೆಂಪೋ ಹತ್ತಿ ಹೋದ.

ಸಂಜೆ ಸರ್ವೋತ್ತಮ ಮನೆಗೆ ಬರುವಾಗ ಬೇಬಿ ಜಗಲಿಯ ಮೆಟ್ಟಿಲಲ್ಲಿ ಕುಳಿತಿದ್ದಳು. ಪ್ರತೀಕನ ತಾಯಿ ಫೋನ್ ಮಾಡಿ ಬೈದಿದ್ದಳು ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ಚಪ್ಪಲಿ ಕಳಚುವ ಮೊದಲೇ ಅವಳು ಹೇಳಿದಳು:

"ಕೋಲು ತೆಗೆದದ್ದು ನಾನು."

ಅವನು ನಿಂತಲ್ಲೇ ನಿಂತ.

"ಕ್ರೇಟು ಕವುಚಿ ಹಾಕಿ ಹತ್ತಿ, ಮಾಡಿಗೆ ಸಿಗಿಸಿದೆ. ಜೂನ್ ತಿಂಗಳಲ್ಲೇ. ಪ್ರತೀಕನಿಗೆ ಗೊತ್ತೇ ಇಲ್ಲ. ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂತ ಮಾತ್ರ ಬೆಳಿಗ್ಗೆ ಫೋನ್ ಮಾಡಿದೆ."

"ಬೆಳಿಗ್ಗೆ ಕೇಳಿದೆನಲ್ಲ ನಾನು. ಕೇಳಿದೆನಲ್ಲ ಬೇಬಿ!"

"ಹೆದರಿಕೆ ಆಯ್ತು. ಮೊದಲ ದಿನ ಹೇಗಾದ್ರೂ ಪ್ರತೀಕ್ ಹಾಕಿ ಬರ್ಲಿ, ಲೈನ್ ಮನೆಯಲ್ಲೇ ಉಳೀಲಿ, ಆಮೇಲೆ ನೀವು ಬೈದ್ರೆ ಬೈಯಿರಿ ಅಂತ ಇದ್ದೆ. ನೀವು ಹಾಗೆ ಫೋನ್ ಮಾಡ್ತೀರಿ ಅಂತ ನನಗೆಂತ ಕನಸು ಬಿದ್ದಿತ್ತಾ?"

"ನನ್ನ ಹತ್ತಿರ ಹೇಳಬಹುದಿತ್ತು."

"ಹೇಳ್ಲಿಲ್ವಾ ನಾನು?" ಬೇಬಿ ಎದ್ದು ನಿಂತಳು. "ಮೊಳೆ ತೆಗೆದ ದಿನ ಹೇಳ್ಲಿಲ್ವಾ? ಮಣಿಪಾಲದಿಂದ ಬರುವಾಗ ಬಸ್ಸಿನಲ್ಲಿ ಅಳ್ತಾ ಹೇಳ್ಲಿಲ್ವಾ? ಅವತ್ತಿನಿಂದ ನೀವು ಕೀ ತಲೆದಿಂಬಿನ ಅಡಿ ಇಟ್ಟು ಮಲಗ್ಲಿಕ್ಕೆ ಸುರು ಮಾಡಿದ್ರಿ. ನಾನು ಕಳ್ಳಿಯ ಹಾಗೆ."

"ಕಾಲಿಗೆ ಅಂಥದ್ದೆಂತ ಆಗ್ಲಿಲ್ಲ ನನಗೆ."

ಬೇಬಿ ಮತ್ತೆ ಮೆಟ್ಟಿಲಲ್ಲಿ ಕುಳಿತಳು. ಆಮೇಲೆ ಹೇಳಿದಾಗ ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

"ಮೇ ತಿಂಗಳಲ್ಲಿ ಕೋಲು ಉಬ್ಬಿರಲಿಲ್ಲ. ನೀವು ಒತ್ತಿದ್ದೇನೆ, ಒತ್ತಿದ್ದೇನೆ ಅಂತ ಹೇಳ್ತಾ ಇದ್ರಿ. ನಾನು ಬಗ್ಗಿ ನೋಡ್ತೇನೆ, ನಿಮ್ಮ ಕಾಲು ಪೆಡಲಿನ ಮೇಲೆ ಇಲ್ಲ. ಪಕ್ಕದಲ್ಲಿ, ನೆಲವನ್ನು ಒತ್ತುತ್ತಾ ಉಂಟು. ನಾನು ಕೈಯಿಂದ ಪೆಡಲ್ ಒತ್ತಿ ಕೋಲು ಇಟ್ಟದ್ದು."

ಅವನು ಅವಳನ್ನು ನೋಡಿದ. ಅವಳು ನೋಟ ತಪ್ಪಿಸಲಿಲ್ಲ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳುದು ಅದನ್ನು?" ಎಂದಳು ಬೇಬಿ.

ಅವನು ಚಪ್ಪಲಿ ಕಳಚಿ ಒಳಗೆ ಹೋದ.

ಮರುದಿನ ಸರ್ವೋತ್ತಮ ಪಡುಬಿದ್ರಿಗೆ ಹೋಗಿ ಕಾರ್ಕಳದ ಬಸ್ಸು ಹತ್ತಿದ. ಹದಿನೈದು ವರ್ಷ ಕಾರ್ಕಳಕ್ಕೆ ಹೋದವನು ಬಸ್ಸಿನಲ್ಲಿ ಹೋದದ್ದು ಎಣಿಸಿ ಒಂದೆರಡು ಬಾರಿ. ಬಸ್ಸಿನ ತುಂಬ ನಿಟ್ಟೆಯ ಕಾಲೇಜಿಗೆ ಹೋಗುವ ಮಕ್ಕಳು. ಬೆಳ್ಮಣ್ ದಾಟಿದ ಮೇಲೆ ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು "ಅಯ್ಯೋ, ಸಾರಿ ಅಂಕಲ್" ಎಂದಳು. ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ಅವಳು ಅವನ ಎಡಗಾಲನ್ನು ನೋಡುತ್ತಿದ್ದಳು. ಅವನೂ ಕೆಳಗೆ ನೋಡಿದ. ಚಪ್ಪಲಿಯಿಂದ ಹೊರಗಿದ್ದ ಬೆರಳುಗಳ ಮೇಲೆ ಶೂವಿನ ಅಚ್ಚು ಮೂಡಿತ್ತು.

"ಪರವಾಗಿಲ್ಲ," ಎಂದ.

ಮಾರುಕಟ್ಟೆಯಲ್ಲಿ ಸರಸಕ್ಕ ಅಂಜಲ್ ಮೀನು ಕೊಯ್ಯುತ್ತಿದ್ದಳು. ಅವನನ್ನು ಕಂಡು ಕತ್ತಿ ನಿಲ್ಲಿಸಲಿಲ್ಲ. ಸಾಲಿನ ಉಳಿದ ಹೆಂಗಸರು ಗಿರಾಕಿಗಳ ಕಡೆ ತಿರುಗಿದರು. ಬುಟ್ಟಿಗಳ ಪಕ್ಕದಲ್ಲಿದ್ದ ಬಾಕ್ಸುಗಳ ಮೇಲೆ ಬೇರೆ ಯಾರದೋ ಹೆಸರು.

"ಸರಸಕ್ಕ, ನನ್ನಿಂದ ತಪ್ಪಾಯ್ತು. ಪ್ರತೀಕ್ ಕಳ್ಳ ಅಲ್ಲ."

"ಹೌದಾ?"

"ನನ್ನ ಮನೆಯಲ್ಲೇ ಆದದ್ದು ಅದು. ನನಗೆ ಗೊತ್ತಿರಲಿಲ್ಲ. ನಾಳೆಯಿಂದ ಅವನೇ ತರ್ತಾನೆ. ಇಳಿಸಿ."

ಸರಸಕ್ಕ ಕೊಯ್ದ ತುಂಡನ್ನು ತಕ್ಕಡಿಗೆ ಹಾಕಿ, ಗಿರಾಕಿಯನ್ನು ಕಳಿಸಿ, ಕೈ ತೊಳೆದುಕೊಂಡಳು. "ಸರ್ವೋತ್ತಮಣ್ಣ, ನಿನ್ನೆ ಆ ಹುಡುಗ ಇಲ್ಲಿ ನಿಂತು ಕೈ ಮುಗಿದ. ಮಾಮನ ಮೀನು ಇದು, ಇಳಿಸಿ ಅಂತ. ನನಗೂ ಪಾಪ ಅನ್ನಿಸ್ತು. ಆದ್ರೂ ಇಳಿಸ್ಲಿಲ್ಲ. ಯಾಕೆ? ನೀವು ಹೇಳಿದ್ರಿ ಅಂತ. ಇವತ್ತು ನೀವು ಬಂದು ಇಳಿಸಿ ಅಂದ್ರೆ, ಮಂಗಳೂರಿನವನಿಗೆ ನಾವು ಕೊಟ್ಟ ಮಾತು?"

"ಹದಿನೈದು ವರ್ಷ ಸರಸಕ್ಕ."

"ಅದಕ್ಕೇ ಅಲ್ವಾ ನಿಮ್ಮ ಮಾತು ನಡೆಸಿದ್ದು?" ಪಕ್ಕದವಳೊಬ್ಬಳು ಮೆಲ್ಲಗೆ ನಕ್ಕಳು. ಸರಸಕ್ಕ ಅವಳನ್ನು ಕಣ್ಣಿನಲ್ಲೇ ಗದರಿದಳು. "ಬರುವ ವರ್ಷ ಬನ್ನಿ. ಮೊದಲ ದಿನ. ಯಾರ ಗಾಡಿ ಮೊದಲು ಬರ್ತದೋ ನೋಡುವ."

ಅವನು ಹೊರಡುವಾಗ ಅವಳು ಹಿಂದಿನಿಂದ ಕೂಗಿ ಕೇಳಿದಳು: "ಕಾಲಿಗೆ ಎಂತ ಆಗಿದೆ? ರಕ್ತ ಬರ್ತಾ ಉಂಟಲ್ಲ."

ಬೇಬಿ ಪ್ರತೀಕನಿಗೆ ಎರಡು ಸಲ ಫೋನ್ ಮಾಡಿದಳು. ಎರಡನೆಯ ಸಲ ಅವನು ಎತ್ತಿದ. ಮಾಮಿಯ ಮೇಲೆ ತನಗೆ ಬೇಜಾರಿಲ್ಲ ಎಂದ. ಮಾಮನ ಗಾಡಿ ನೀನೇ ಓಡಿಸು, ಬೇರೆ ಯಾವುದಾದರೂ ಊರಿಗೆ ಹಾಕು ಎಂದು ಅವಳು ಹೇಳಿದಾಗ ಒಪ್ಪಲಿಲ್ಲ.

"ಬೇಡ ಮಾಮಿ. ನಾಳೆ ಬ್ರೇಕ್ ಫೇಲಾದ್ರೂ ಅದು ನಾನೇ ಮಾಡಿದ್ದು ಅಂತ ಆಗ್ತದೆ."

ಅವನ ಧ್ವನಿ ದೊಡ್ಡದು. ಪಕ್ಕದಲ್ಲಿ ಕುಳಿತ ಸರ್ವೋತ್ತಮನಿಗೆ ಪೂರ್ತಿ ಕೇಳಿಸಿತು.

ಹೊಸ ಪ್ಲೇಟು ಹಾಕಿ, ಫ್ಲೈವೀಲನ್ನು ಉಡುಪಿಯಲ್ಲಿ ಲೇತಿಗೆ ಕೊಟ್ಟು ಮುಖ ಕೆರೆಸಿ, ಕೇಬಲ್ ಬದಲಿಸಿ ಜೋವಿನ್ ಪಿಕಪ್ಪನ್ನು ಮನೆಗೆ ತಂದು ನಿಲ್ಲಿಸಿದ. ಆಗಸ್ಟ್ ಅರ್ಧ ಕಳೆದಿತ್ತು. ಆ ವಾರ ಮಲ್ಪೆಗೆ ಬಂಗುಡೆ ರಾಶಿ ಬಿದ್ದಿತ್ತು. ಹೆದ್ದಾರಿಯಲ್ಲಿ ಹೊತ್ತು ಮೂಡುವ ಮೊದಲೇ ಗಾಡಿಗಳ ಸಾಲು.

"ಹೂವಿನ ಹಾಗೆ ಉಂಟು ಈಗ ಕ್ಲಚ್ಚು," ಎಂದು ಜೋವಿನ್ ಕೀ ಕೊಟ್ಟ. "ಒಂದು ಬೆರಳಲ್ಲಿ ಒತ್ತಬಹುದು." ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎಂಬಂತೆ ತಲೆ ಕೆರೆದುಕೊಂಡು, ಲವೀನಾ ಕಾಯುತ್ತಾಳೆಂದು ಹೊರಟುಹೋದ.

ಸರ್ವೋತ್ತಮ ಗಾಡಿಯ ಸುತ್ತ ಒಂದು ಸುತ್ತು ಬಂದ. ಅಂಗಳದಿಂದ ಶೆಡ್ಡಿಗೆ ಹಿಂದೆ ತೆಗೆಯಲು ನೆರೆಮನೆಯವನನ್ನು ಕರೆದ. ಅವನು ತೆಗೆದು ನಿಲ್ಲಿಸಿ ಹೋದ. ಆಮೇಲೆ ಸರ್ವೋತ್ತಮ ಬಾಗಿಲು ತೆರೆದು ಸೀಟಿನಲ್ಲಿ ಕುಳಿತ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟ.

"ಕೋಲು ತಾ," ಎಂದ.

ಬೇಬಿ ಅಡುಗೆಕೋಣೆಯ ಬಾಗಿಲಲ್ಲಿದ್ದಳು. "ಈಗಲಾ? ಮೀನು ಸುರು ಆದದ್ದಷ್ಟೇ."

"ನಿಲ್ಲುವ ಗಾಡಿಗೆ ಕೋಲು ಬೇಕಲ್ಲ. ಇನ್ನೊಬ್ಬ ತೆಗೊಳ್ಳುವಾಗಲಾದ್ರೂ ಓಡಬೇಕು."

ಅವಳು ಕೋಲು ತಂದಳು. ಎಡಬಾಗಿಲು ತೆರೆದು ಒಳಗೆ ಬಗ್ಗಿದಳು. ಅವನು ಎಡಗಾಲನ್ನು ಎತ್ತಿ ಮುಂದಿಟ್ಟ, ಒತ್ತಿದ. "ಈಗ ಇಡು" ಎನ್ನಲು ಬಾಯಿ ತೆರೆದವನು ನಿಲ್ಲಿಸಿದ. ಸೀಟಿನಿಂದ ಕೆಳಗಿನ ಕತ್ತಲೆಯಲ್ಲಿ ಪೆಡಲ್ ಕಾಣುತ್ತಿರಲಿಲ್ಲ.

"ತಳ ಮುಟ್ಟಿತಾ?" ಎಂದು ಕೇಳಿದ.

ಬೇಬಿ ನೋಡಿದಳು.

"ಇಲ್ಲ. ಕಾಲು ಸ್ವಲ್ಪ ಬಲಕ್ಕೆ ತನ್ನಿ. ಇನ್ನೂ ಸ್ವಲ್ಪ. ಹಾಂ, ಈಗ ಒತ್ತಿ."

ಅವನು ಒತ್ತಿದ. ಹೆದ್ದಾರಿಯಲ್ಲಿ ಐಸಿನ ನೀರು ಸುರಿಸುತ್ತ ಯಾರದೋ ಗಾಡಿ ಕಾರ್ಕಳದ ಕಡೆಗೋ ಮಂಗಳೂರಿನ ಕಡೆಗೋ ಹೋಯಿತು. ಕೋಲು ಕೂತದ್ದು ಅವನಿಗೆ ಗೊತ್ತಾದದ್ದು ಸದ್ದಿನಿಂದ.